ಬಾಗಿಲುಗಳಿದ್ದ ಬರೆ

ಹಾಲಿನ ಸೊಸೈಟಿಯ ಜಗಲಿಯಲ್ಲಿ ಕ್ಯಾನು ಇಳಿಸಿ ಸೆರಗಿನಿಂದ ಕುತ್ತಿಗೆ ಒರಸಿಕೊಳ್ಳುತ್ತಿದ್ದಾಗ ಪ್ರೇಮಾವತಿಯ ಕಿವಿಗೆ ಅವುಗಳ ಸುದ್ದಿ ಮೊದಲ ಸಲ ಬಿತ್ತು. ಮಾರ್ಚ್ ತಿಂಗಳ ಬೆಳಗ್ಗೆ, ಆಗಲೇ ಬಿಸಿಲು ಚುಚ್ಚುತ್ತಿತ್ತು. ಹೇಳಿದವರು ಜತ್ತಪ್ಪ. ಗುತ್ತಿಗಾರಿನಿಂದ ಕಾಡಿನ ಕಡೆಗೆ ಏರುವ ಮಣ್ಣಿನ ರಸ್ತೆಯ ಎಡಬದಿಯ ತೋಟ, ರಬ್ಬರು ಎಲ್ಲ ಅವರದ್ದೇ.

"ಪ್ರೇಮಕ್ಕ, ನಿಮ್ಮ ಮೈದುನನ ಬರೆಯಲ್ಲಿ ಬಾಗಿಲು ಇರುವ ಜೇಡ ಉಂಟಂತೆ, ಹೌದಾ?"

"ಎಂತ ಬಾಗಿಲು?"

"ಬಾಗಿಲು ಅಂದ್ರೆ ಬಾಗಿಲೇ. ಮಣ್ಣಿನ ಮುಚ್ಚಳ. ಹುಳ ಹತ್ತಿರ ಬಂದ್ರೆ ಬಾಗಿಲು ತೆಗೆದು ಎಳ್ಕೊಂಡು ಪುನಃ ಹಾಕಿಕೊಳ್ತದಂತೆ. ನಿನ್ನೆ ಅದನ್ನು ನೋಡ್ಲಿಕ್ಕೆ ಯಾವುದೋ ಕಾಲೇಜಿನ ಹುಡುಗಿ ಸ್ಕೂಟರಿನಲ್ಲಿ ಬಂದಿದ್ಳು."

ಹಾಲು ಅಳೆಯುತ್ತಿದ್ದ ತೀರ್ಥರಾಮ ತಲೆ ಎತ್ತಲೇ ಇಲ್ಲ. "ಚಿಲಕ ಉಂಟಾ?" ಎಂದ.

"ಚಿಲಕದ ಕಥೆ ಬಿಡು. ಡೋರ್ ನಂಬರ್ ಉಂಟಾ ಅಂತ ಕೇಳು. ಕೂಸಪ್ಪನಿಗೆ ಪಂಚಾಯತಿನವರು ಇಷ್ಟು ವರ್ಷ ಆದ್ರೂ ಕೊಡ್ಲಿಲ್ಲ. ಅವನ ಜೇಡಕ್ಕಾದ್ರೂ ಕೊಡ್ತಾರೋ ನೋಡುವ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಪ್ರೇಮಾವತಿಯೂ ನಕ್ಕಳು. ಖಾಲಿ ಕ್ಯಾನು ಹಿಡಿದು ಏರು ಹತ್ತುವಾಗ ಮಾತ್ರ ಆ ನಗು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಕೊಂಡಿತು. ಡೋರ್ ನಂಬರಿನ ಮಾತು ಸುಳ್ಳಾಗಿದ್ದರೆ ತಮಾಷೆ ತಮಾಷೆಯಾಗಿಯೇ ಉಳಿಯುತ್ತಿತ್ತು.

ಗುಡ್ಡ ಕಡಿದು ಮನೆಗೆ ಜಾಗ ಮಾಡಿದಾಗ ಮನೆಯ ಬೆನ್ನಿಗೆ ಒಂದು ಮಣ್ಣಿನ ಗೋಡೆ ಉಳಿಯುತ್ತದಲ್ಲ, ಅದಕ್ಕೆ ಈ ಕಡೆಯವರು ಬರೆ ಎನ್ನುತ್ತಾರೆ. ಬರೆ ಇಲ್ಲದ ಮನೆ ಸುಳ್ಯದ ಈ ಮೂಲೆಯಲ್ಲಿ ಹುಡುಕಿದರೂ ಸಿಗದು. ವರ್ಷಕ್ಕೊಮ್ಮೆ ಅದರ ಮೇಲಿನ ಹುಲ್ಲು, ಪಾಚಿ, ಜರಿಗಿಡ ಎಲ್ಲ ಕೆತ್ತಿ ನುಣ್ಣಗೆ ಮಾಡಬೇಕು. ಮದುವೆಯೋ ಭೂತದ ಕೋಲವೋ ಇದ್ದ ಮನೆಯಲ್ಲಿ ಬರೆ ಕೆತ್ತದೆ ಬಿಟ್ಟರೆ, ಮುಖ ತೊಳೆಯದೆ ನೆಂಟರ ಎದುರು ನಿಂತ ಹಾಗೆ. ಕೂಸಪ್ಪ ಹೊಟ್ಟೆ ಹೊರೆದದ್ದು ಈ ಕೆಲಸದಲ್ಲಿ. ಅವನ ಹೆಸರು ಹೇಳಿದರೆ ಯಾವ ಕೂಸಪ್ಪ ಎಂದು ಯಾರೂ ಕೇಳುತ್ತಿರಲಿಲ್ಲ, ಬರೆ ಕೂಸಪ್ಪ ಎಂದರೆ ಆಯಿತು.

ಪ್ರೇಮಾವತಿ ಮದುವೆಯಾಗಿ ಬಂದಾಗ ಅವನಿಗೆ ಮೀಸೆ ಚಿಗುರುತ್ತಿದ್ದ ಪ್ರಾಯ. ಮದುವಣಗಿತ್ತಿ ಬರುತ್ತಾಳೆಂದು ರಸ್ತೆ ಬದಿಯ ಮನೆಯ ಹಿಂದಿನ ಬರೆಯನ್ನು ಒಬ್ಬನೇ ಕೆತ್ತಿ, ಪಿಕ್ಕಾಸಿನ ತುದಿಯಲ್ಲಿ ಅದರ ಮೇಲೆ ಒಂದು ನವಿಲು ಬರೆದಿದ್ದ. ನವಿಲು ಕೋಳಿಯ ಹಾಗಿತ್ತು. ಅಣ್ಣ ಬೈದು ಅದನ್ನು ಅಳಿಸಲು ಹೋದಾಗ, "ಇರ್ಲಿ ಬಿಡಿ, ಕೋಳಿಯಾದ್ರೂ ಒಳ್ಳೆದುಂಟು" ಎಂದದ್ದು ಹೊಸ ಹೆಣ್ಣು. ಆ ಮನೆಯಲ್ಲಿ ಅವಳು ಬಾಯಿ ತೆರೆದು ಆಡಿದ ಮೊದಲ ಮಾತು ಅದು. ಅಂದಿನಿಂದ ಕೂಸಪ್ಪನಿಗೆ ಅತ್ತಿಗೆ ಎಂದರೆ ಸ್ವಲ್ಪ ಜಾಸ್ತಿಯೇ.

ಅಣ್ಣನಿಗೆ ರಸ್ತೆಯ ಬದಿಯಲ್ಲಿ ದಾಖಲೆ ಇದ್ದ ಆ ಜಾಗ ಸಿಕ್ಕಿತು, ಈಗ ಅಲ್ಲಿ ಉಳಿದವಳು ಪ್ರೇಮಾವತಿ ಒಬ್ಬಳೇ. ತಮ್ಮನಿಗೆ ಉಳಿದದ್ದು ಮೇಲೆ, ಜತ್ತಪ್ಪನ ತೋಟದ ತಲೆಯ ಮೇಲಿನ ಕುಮ್ಕಿಯಲ್ಲಿ ಅಪ್ಪ ಕಟ್ಟಿದ್ದ ಗುಡಿಸಲು. ಕುಮ್ಕಿ ಎಂದರೆ ತೋಟದವರು ಸೊಪ್ಪು, ತರಗೆಲೆ ತಂದುಕೊಳ್ಳಲೆಂದು ಹಿಂದಿನ ಕಾಲದಿಂದ ಬಿಟ್ಟ ಸರ್ಕಾರದ ಜಾಗ. ಅನುಭವ ತೋಟದವರದ್ದು, ಹಕ್ಕು ಸರ್ಕಾರದ್ದು, ವಾಸ ಕೂಸಪ್ಪನದ್ದು. ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಅವನ ತಲೆಕೂದಲು ಬೆಳ್ಳಗಾಯಿತು. ಗುಡಿಸಲು ಹೆಂಚಿನ ಮನೆಯಾಯಿತು. ಹೆಂಡತಿ ಅದೇ ಮನೆಯಲ್ಲಿ ಜ್ವರದಲ್ಲಿ ತೀರಿಕೊಂಡಳು. ಮಗಳು ಸುರಕ್ಷಾ ಒಂದು ಕಾಲು ಎಳೆದುಕೊಂಡೇ ಬೆಳೆದು, ಜಗಲಿಯಲ್ಲಿ ಕೂತು ಬೀಡಿ ಕಟ್ಟುವವಳಾದಳು. ಕೂಸಪ್ಪನ ತಲೆಯಲ್ಲಿ ಇದ್ದದ್ದು ಒಂದೇ. ತಾನು ಕಣ್ಣು ಮುಚ್ಚುವ ಮೊದಲು ಈ ಮನೆ ಸುರಕ್ಷಾಳ ಹೆಸರಿಗೆ ಆಗಬೇಕು. ಕಾಲು ಸರಿ ಇಲ್ಲದ ಹುಡುಗಿ ಯಾರ ಜಗಲಿಯಲ್ಲಿ ಕೂರಬೇಕು?

ಕೆಳಗೆ ಹೊಳೆಯವರೆಗಿನ ಬರೆಗಳನ್ನೆಲ್ಲ ಕೆತ್ತಿದವನು ತನ್ನ ಮನೆಯ ಬರೆಯನ್ನು ಮಾತ್ರ ಮುಟ್ಟಿರಲಿಲ್ಲ. ಸಂಬಳದ ಕೆಲಸ ಬಿಟ್ಟು ಸ್ವಂತದ್ದಕ್ಕೆ ಪುರುಸೊತ್ತೆಲ್ಲಿ? ಅಪ್ಪ ಜಾಗ ಸಾಲದೆ ಆ ಬರೆಯನ್ನು ನೆಟ್ಟಗೆ ಕಡಿದಿದ್ದರು. ಅದು ಪಾಚಿ ಹೊದ್ದು, ಬೇರು ಇಳಿಸಿಕೊಂಡು, ಮೇಲಿನ ಕಾಡಿನದ್ದೇ ಒಂದು ತುಂಡಿನ ಹಾಗೆ ನಿಂತಿತ್ತು. ಮೇಲೆ ಧೂಪದ ಮರ, ಹೆಬ್ಬಲಸು, ರಂಜೆ. ಮಾರ್ಚಿನಲ್ಲೂ ಅಲ್ಲಿ ಕೈಯಿಟ್ಟರೆ ತಣ್ಣಗೆ. ಸುತ್ತ ಎಲ್ಲ ರಬ್ಬರು ಬಂದು, ಹುಲ್ಲಿಗೆ ಮದ್ದು ಬಿಟ್ಟು, ಜೆಸಿಬಿಯಲ್ಲಿ ಗುಡ್ಡ ಕಡಿದ ಮೇಲೆ ಉಳಿದ ಹಳೆಯ ಮಣ್ಣು ಅಷ್ಟೇ.

ಆ ಸಂಜೆ ಪ್ರೇಮಾವತಿ ಮೇಲೆ ಹೋದಾಗ ಹುಡುಗಿ ಅಲ್ಲೇ ಇದ್ದಳು. ಈಶ್ವರಮಂಗಲದ ಬ್ಯಾರಿಗಳ ಹುಡುಗಿ, ರಿಝ್ವಾನಾ. ಜೇಡಗಳ ಮೇಲೆ ಓದುತ್ತಿದ್ದಾಳಂತೆ. ತಲೆವಸ್ತ್ರದ ಅಂಚಿಗೆಲ್ಲ ಮಣ್ಣು ಮೆತ್ತಿಕೊಂಡು, ಬರೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು.

"ಬನ್ನಿ ಆಂಟಿ. ಇಲ್ಲಿ ನೋಡಿ, ಎಂತ ಕಾಣ್ತದೆ?"

"ಪಾಚಿ."

ಹುಡುಗಿ ಪಿನ್ನಿನ ತುದಿಯಿಂದ ಪಾಚಿಯನ್ನು ಮೆಲ್ಲ ಎತ್ತಿದಳು. ಎಂಟಾಣೆ ನಾಣ್ಯದಷ್ಟು ಅಗಲದ ಮುಚ್ಚಳವೊಂದು ಮೇಲೆದ್ದಿತು. ಒಂದು ಬದಿಯಲ್ಲಿ ನೂಲಿನ ತಿರುಗಣಿ, ಒಳಗೆ ಬಿಳಿ ರೇಷ್ಮೆ ಹೊದೆಸಿದ ಬಿಲ, ಇಲ್ಲಿನವರ ಮಾಟೆ. ಒಳಗಿನಿಂದ ಯಾರೋ ಮುಚ್ಚಳವನ್ನು ಹಿಡಿದು ಜಗ್ಗಿದ್ದು ಪ್ರೇಮಾವತಿಗೆ ಕಂಡಿತು. 

"ಬಿಡು ಮಾರಾಯ್ತಿ! ಮನೆಯವರು ಒಳಗೆ ಇದ್ದಾರೆ!"

ಕೂಸಪ್ಪ ಹೊಟ್ಟೆ ಹಿಡಿದು ನಕ್ಕ. ಮುಫ್ತಾಗಿ ಸಿಕ್ಕಿದ ಸಿನಿಮಾ ತೋರಿಸುವವನ ಹಾಗೆ ಅತ್ತಿಗೆಗೆ ಇನ್ನೊಂದು, ಮತ್ತೊಂದು ಎಂದು ಬಾಗಿಲುಗಳನ್ನು ತೋರಿಸಿದ. ದೊಡ್ಡದರ ಸುತ್ತ ಸಣ್ಣವು ಇದ್ದವು. ತಾಯಿಯ ಹತ್ತಿರವೇ ಮರಿಗಳೂ ಮಾಟೆ ತೋಡುತ್ತವೆ ಎಂದಳು ರಿಝ್ವಾನಾ. ಹೆಣ್ಣು ಒಮ್ಮೆ ತೋಡಿದರೆ ಸಾಯುವವರೆಗೆ ಅದೇ ಮಾಟೆ. ದೊಡ್ಡದಾದ ಹಾಗೆ ಬಾಗಿಲನ್ನೂ ದೊಡ್ಡದು ಮಾಡಿಕೊಳ್ಳುವುದು, ಅಷ್ಟೇ. ವರ್ಷಗಟ್ಟಲೆ ಬದುಕುತ್ತದೆ.

"ಗಂಡು?" ಎಂದು ಕೇಳಿದಳು ಪ್ರೇಮಾವತಿ.

"ಗಂಡು ಪ್ರಾಯಕ್ಕೆ ಬಂದ ಮೇಲೆ ಮಳೆಗೆ ಹೊರಟು ಹೋಗ್ತದೆ, ಹೆಣ್ಣು ಹುಡುಕಿಕೊಂಡು. ಪುನಃ ಬರುದಿಲ್ಲ."

"ಎಲ್ಲ ಕಡೆ ಅದೇ ಕಥೆ ಹಾಗಾದ್ರೆ."

"ಆದ್ರೆ ಇದು ಎಲ್ಲ ಕಡೆ ಇಲ್ಲ ಆಂಟಿ. ನಾನು ಆಲೆಟ್ಟಿಯಲ್ಲಿ ನೋಡಿದೆ, ಕಡಬದ ಕಡೆ ನೋಡಿದೆ. ಕೆಳಗೆ ಈ ರಸ್ತೆಯ ಎಲ್ಲ ಬರೆ ನೋಡಿದೆ. ಒಂದೂ ಇಲ್ಲ."

ಕೂಸಪ್ಪನ ನಗು ನಿಂತಿತು. "ಕೆಳಗಿನದ್ದೆಲ್ಲ ಕೆತ್ತಿದ್ದು ನಾನೇ" ಎಂದ. ಹುಡುಗಿ ಅವನ ಮುಖ ನೋಡಿ ಪಿನ್ನನ್ನು ತಲೆವಸ್ತ್ರಕ್ಕೆ ಚುಚ್ಚಿಕೊಂಡಳು.

ಹೊರಡುವಾಗ ಅವಳು ಹೇಳಿದ್ದು ಇಷ್ಟು. ಇದು ಯಾವ ಜಾತಿ ಎಂದು ಗಟ್ಟಿ ಹೇಳಲು ಗಂಡು ಸಿಗಬೇಕು, ಮಳೆ ಹಿಡಿದ ಮೇಲೆ ಬರುತ್ತೇನೆ, ಮೇಲಿನ ಕಾಡಿಗೂ ಹೋಗಲಿಕ್ಕಿರುವುದರಿಂದ ಫಾರೆಸ್ಟಿನವರು ಒಬ್ಬರು ಜೊತೆಗಿರುತ್ತಾರೆ. "ಅಲ್ಲಿವರೆಗೆ ಹೀಗೇ ಇರ್ಲಿ ಅಂಕಲ್. ಈ ಬರೆಗೆ, ಮೇಲಿನ ಕಾಡಿಗೆ ರಕ್ಷಣೆ ಬೇಕು."

ರಕ್ಷಣೆ. ಅವಳು ಓದಿದ ಊರಿನಲ್ಲಿ ಅದು ಒಳ್ಳೆಯ ಶಬ್ದ. ಇಲ್ಲಿ ಆ ಶಬ್ದ ಕಿವಿಗೆ ಬಿದ್ದರೆ ಅದರ ಬಾಲಕ್ಕೆ ಅರಣ್ಯ ಎಂಬುದು ತಾನಾಗಿ ಅಂಟಿಕೊಳ್ಳುತ್ತದೆ. ರಕ್ಷಿತಾರಣ್ಯ ಎಂದರೆ ಗಡಿಯ ಕಲ್ಲು ಹಾಕುವುದು, ಕಲ್ಲು ಹಾಕಿದರೆ ಎಬ್ಬಿಸುವುದು. ಘಟ್ಟದ ಬುಡದವರು ವರದಿಯ ಮೇಲೆ ವರದಿ ಬಂತು ಎಂದು ಕೇಳಿ ಕೇಳಿ ಹೆದರಿದವರು.

ಮರುದಿನವೇ ಜತ್ತಪ್ಪ ಕೂಸಪ್ಪನ ಅಂಗಳಕ್ಕೆ ಬಂದರು. ಅವರಿಗೂ ಕುಮ್ಕಿಯ ಹೆದರಿಕೆ ಇತ್ತು. ಕೆಟ್ಟ ಮನುಷ್ಯರೇನಲ್ಲ.

"ಅದೇ ಶಬ್ದ ಹೇಳಿದ್ಳಾ? ರಕ್ಷಣೆ ಅಂತ?"

"ಹೌದು."

"ಫಾರೆಸ್ಟಿನವರು ಬರ್ತಾರೆ ಅಂತಲೂ ಹೇಳಿದ್ಳಾ?"

"ಹೌದು ಮಾರಾಯ್ರೆ."

"ಮುಗೀತು. ಆನೆಗೆ ದಾರಿ ಬೇಕು ಅಂತ ಒಮ್ಮೆ, ಹುಲಿಗೆ ಅಂತ ಒಮ್ಮೆ. ಈಗ ಹುಳಕ್ಕೆ. ಆನೆ ಆದ್ರೆ ಬಂದು ಹೋಗ್ತದೆ ಕೂಸಪ್ಪ, ಇದು ನಿನ್ನ ಮನೆಯ ಹಿಂದೆಯೇ ವಾಸ ಮಾಡಿಕೊಂಡು ಉಂಟು. ನಿನಗಿಂತ ಮೊದಲು ಅದಕ್ಕೆ ಹಕ್ಕುಪತ್ರ."

ಏಪ್ರಿಲ್ ಹೋಯಿತು, ಮೇ ಬಂತು. ಕೂಸಪ್ಪ ದಿನಾ ಬೆಳಗ್ಗೆ ಚಾ ಹಿಡಿದುಕೊಂಡು ಬರೆಯ ಎದುರು ನಿಲ್ಲುವುದನ್ನು ಪ್ರೇಮಾವತಿ ಕೆಳಗಿನಿಂದ ನೋಡುತ್ತಿದ್ದಳು. ಮೊದಮೊದಲು ಎಣಿಸಲು ನಿಂತವನ ಹಾಗಿದ್ದ. ಆಮೇಲೆ ಸಾಲ ಕೊಟ್ಟವನು ಮನೆಯೊಳಗೆ ಬಂದು ಕೂತದ್ದನ್ನು ನೋಡುವವನ ಹಾಗೆ ಕಾಣತೊಡಗಿದ. ಕೆತ್ತುವ ಮನಸ್ಸಿರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ. ಹಾಗೆಯೇ ಪತ್ತನಾಜೆ ಬಂದು ಹೋಯಿತು.

ಪತ್ತನಾಜೆ ಮೇ ತಿಂಗಳ ಕೊನೆಗೆ ಬರುವ ದಿನ. ಅಂದಿಗೆ ಭೂತಗಳ ಕೋಲ ಮುಗಿದು ಗೆಜ್ಜೆ ಬಿಚ್ಚುತ್ತಾರೆ, ಅಲ್ಲಿಂದ ಮಳೆಗಾಲ. ಪತ್ತನಾಜೆ ಕಳೆದ ಮೇಲೆ ಬರೆಗೆ ಪಿಕ್ಕಾಸು ಮುಟ್ಟಿಸಬಾರದು, ಚರ್ಮ ಸುಲಿದ ಬರೆ ನೀರು ಕುಡಿದು ಹೊಟ್ಟೆ ಬಿರಿಯುತ್ತದೆ. ಈ ಕ್ರಮವನ್ನು ಕೂಸಪ್ಪ ಯಾರಿಗೂ ಮುರಿದು ಕೊಟ್ಟಿರಲಿಲ್ಲ. ದುಪ್ಪಟ್ಟು ಸಂಬಳ ಕೊಡುತ್ತೇವೆ ಎಂದವರನ್ನೂ ಅಂಗಳದಿಂದಲೇ ತಿರುಗಿಸಿ ಕಳಿಸಿದ್ದ.

ಜೂನಿನ ಮೊದಲ ವಾರ ರಿಝ್ವಾನಾಳ ಫೋನು ಬಂತು. ನಾಡಿದ್ದು ಬರುತ್ತೇವೆ ಎಂದಳು. ಮರುದಿನ ಬೆಳಗ್ಗೆ ಪ್ರೇಮಾವತಿ ದನಕ್ಕೆ ಹುಲ್ಲು ಹಾಕುತ್ತಿದ್ದಾಗ ಮೇಲಿನಿಂದ ಪಿಕ್ಕಾಸಿನ ಸದ್ದು ಕೇಳಿತು. ಆ ಕೈಯ ಏಟು ಅವಳಿಗೆ ಗೊತ್ತು. ಕತ್ತಿ, ಹುಲ್ಲು ಎಲ್ಲ ಅಲ್ಲೇ ಹಾಕಿ ಏರು ಹತ್ತಿದಳು.

"ಪತ್ತನಾಜೆ ಕಳೀತು ಮಾರಾಯ!"

"ಗೊತ್ತುಂಟು ಅತ್ತಿಗೆ."

"ಗೊತ್ತಿದ್ದೂ ಎಂತ ಮಾಡುದು ನೀನು?"

"ಫಾರೆಸ್ಟಿನವರು ನಾಳೆ ಬಂದ್ರೆ ಅವರಿಗೆ ಒಂದು ಬಾಗಿಲೂ ಕಾಣ್ಬಾರ್ದು. ಎಂತದ್ದೂ ಇಲ್ಲದ ಕಡೆ ಎಂತದ್ದಕ್ಕೆ ರಕ್ಷಣೆ?" ಅವನು ತಿರುಗಿ ನೋಡಲಿಲ್ಲ. "ನೀವು ಕೆಳಗೆ ಹೋಗಿ."

ಅವಳು ಹೋಗಲಿಲ್ಲ. ಹಿಂದಿನ ಬಾಗಿಲಲ್ಲಿ ಸುರಕ್ಷಾ ಬೀಡಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಆದರೆ ಬೀಡಿ ಕಟ್ಟುತ್ತಿರಲಿಲ್ಲ. ಪಾಚಿ ಕಂಬಳಿಯ ಹಾಗೆ ಸುಲಿದು ಬಿತ್ತು. ಕೆಂಪು ಮಣ್ಣಿನಿಂದ ಬಿಳಿ ರೇಷ್ಮೆಯ ಕೊಳವೆಗಳು ಹರಿದ ಕಾಲುಚೀಲದ ಹಾಗೆ ನೇತಾಡಿದವು. ಕೆಳಗೆ ಬಿದ್ದ ಜೇಡಗಳು ಓಡಲಿಲ್ಲ. ಹುಟ್ಟಿದಂದಿನಿಂದ ಓಡಿ ಗೊತ್ತಿಲ್ಲದ ಜೀವಗಳು, ಮುಂಗಾಲು ಎತ್ತಿ ಅಲ್ಲಲ್ಲೇ ನಿಂತವು. ಒಂದರ ಕೊಳವೆಯಿಂದ ಸಾಸಿವೆ ಚೆಲ್ಲಿದ ಹಾಗೆ ಮರಿಗಳು ಉದುರಿದವು. ಕೋಳಿಗಳಿಗೆ ಸುದ್ದಿ ಯಾರು ಹೇಳಿದರೋ, ಅಂಗಳದಿಂದ ಓಡಿ ಬಂದು ಹೆಕ್ಕತೊಡಗಿದವು.

"ಸಾಕು ಅಪ್ಪ" ಎಂದಳು ಸುರಕ್ಷಾ. "ನನಗೆ ಬೇಡ ಈ ಮನೆ."

"ನಿನಗೆ ಬೇಡದಿದ್ರೆ ಯಾರಿಗೆ?" ಎಂದ ಕೂಸಪ್ಪ. ಏಟು ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬರೆ ಹೊಸ ಸ್ಲೇಟಿನ ಹಾಗಾಯಿತು. ಇಷ್ಟು ಚಂದದ ಕೆಲಸ ಅವನು ಯಾರ ಮನೆಯಲ್ಲೂ ಮಾಡಿರಲಿಲ್ಲ. ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ನೀರಿನ ತೋಡಿಗೆ ಹಾಕಿ ಬಂದು, ಕೈ ತೊಳೆಯದೆ ಮೆಟ್ಟಿಲ ಮೇಲೆ ಕೂತ.

ಮಾರನೆಯ ದಿನ ರಿಝ್ವಾನಾ ಬಂದಳು. ಜೊತೆಗೆ ಖಾಕಿ ಹಾಕಿದ ಗಾರ್ಡು ಒಬ್ಬರು, ಎಲೆಯಡಿಕೆ ಅಗಿಯುತ್ತ. ಹುಡುಗಿ ಮನೆಯ ಮೂಲೆ ತಿರುಗಿದವಳು ಅಲ್ಲೇ ನಿಂತಳು.

"ಒಂದೂ ಇಲ್ವಾ ಅಂಕಲ್?"

"ಬರೆ ಅಂದ ಮೇಲೆ ಕೆತ್ತುದು. ಅದು ನಮ್ಮ ಕ್ರಮ."

"ನಾನು ಹೇಳಿದ್ದಲ್ವಾ, ಹೀಗೇ ಇರ್ಲಿ ಅಂತ?"

"ರಕ್ಷಣೆ ಅಂತಲೂ ಹೇಳಿದ್ದು ನೀವೇ. ರಕ್ಷಣೆ ಆದ ಜಾಗದಲ್ಲಿ ಮನುಷ್ಯರಿಗೆ ಇರ್ಲಿಕ್ಕುಂಟಾ?"

ಹುಡುಗಿಗೆ ಮಾತು ತಿರುಗಿದ್ದು ಎಲ್ಲಿ ಎಂದು ಆಗ ತಿಳಿಯಿತು.  "ನಿಮ್ಮ ಮನೆಗೂ ಅದಕ್ಕೂ ಎಂತ ಸಂಬಂಧ? ನಾನು ಹೇಳಿದ್ದು ಪಾಚಿ ಕೆತ್ತುದು ಬೇಡ, ಮದ್ದು ಬಿಡುದು ಬೇಡ ಅಂತ. ಅಷ್ಟೇ."

ಗಾರ್ಡು ತೋಡಿನ ಕಡೆ ಉಗುಳಿ ಬಂದು ಸುತ್ತ ಕಣ್ಣು ಹಾಯಿಸಿದರು. "ಇದು ನಮ್ಮದೇ ಅಲ್ಲ ಮಾರಾಯ್ರೆ. ನಮ್ಮ ಕಲ್ಲು ಮೇಲೆ, ಆ ಬಂಡೆಯ ಹತ್ತಿರ. ಇದು ಕಂದಾಯದ ಜಾಗ. ನಿಮ್ಮ ಮನೆ ತಕೊಂಡು ನಾವು ಎಂತ ಮಾಡುದು?"

 ಹುಡುಗಿ ನೆಲದಲ್ಲಿ ಹುಡುಕಿ, ತುಳಿಯದೆ ಉಳಿದ ಒಂದು ಮಣ್ಣಿನ ಹೆಂಟೆಯನ್ನು ಎತ್ತಿಕೊಂಡಳು. ಅದರಲ್ಲಿ ಒಂದು ಬಾಗಿಲು ಅಂಟಿಕೊಂಡೇ ಇತ್ತು, ತೆರೆದರೆ ಹಿಂದೆ ಮಾಟೆ ಇರಲಿಲ್ಲ. ಪ್ರೇಮಾವತಿ ಚಾ ಮಾಡುತ್ತೇನೆ ಎಂದಳು. ಯಾರಿಗೂ ಚಾ ಬೇಡವಾಗಿತ್ತು.

ಆಮೇಲೆ ಮಳೆ ಹಿಡಿಯಿತು. ಕೂಸಪ್ಪ ಬರೆಗೆ ನೀಲಿ ಟರ್ಪಾಲು ಹೊದೆಸಿ, ಅಡಿಕೆ ಮರದ ಕಂಬ ಆನಿಸಿ ಕಟ್ಟಿದ. ಗಾಳಿಗೆ ಟರ್ಪಾಲು ಹರಿಯಿತು. ಮತ್ತೆ ಕಟ್ಟಿದ. ಸುರಕ್ಷಾಳನ್ನು ಮಲಗಲು ಅತ್ತಿಗೆಯ ಮನೆಗೆ ಕಳಿಸಿದ, ತಾನು ಮಾತ್ರ ಮೇಲೆಯೇ ಉಳಿದ.

"ನೀನೂ ಬಾ. ಮಳೆ ಬಿಡುವವರೆಗೆ."

"ಮನೆ ಖಾಲಿ ಬಿಟ್ರೆ ವಾಸ ಇಲ್ಲ ಅಂತ ಬರೀತಾರೆ ಅತ್ತಿಗೆ. ಗ್ರಾಮಕರಣಿಕರು ಈ ತಿಂಗಳೇ ಜಾಗ ನೋಡ್ಲಿಕ್ಕೆ ಬರುದುಂಟು. ಇಷ್ಟು ವರ್ಷ ಕಾದು ಈಗ ಎದ್ದು ಹೋಗುದಾ?"

"ಬರೆ ನೋಡಿದ್ಯಾ? ಮೇಲೆ ಬಿರುಕು ಬಿಟ್ಟಿದೆ."

"ನನಗೆ ಬರೆಯ ವಿಷಯ ಹೇಳ್ಬೇಡಿ" ಎಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ಅವಳು ಎಳೆದುಕೊಂಡಾದರೂ ಬರುತ್ತಿದ್ದಳು.

ಜುಲೈ ಕಳೆಯುವ ಹೊತ್ತಿಗೆ, ಆಟಿ ತಿಂಗಳ ಒಂದು ಬೆಳಗ್ಗೆ ಸುರಕ್ಷಾ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿದ್ದಳು. ಮನೆಯ ಹಿಂದಿನ ಚರಂಡಿಯಲ್ಲಿ ನೀರು ಕಟ್ಟಿತ್ತು, ಅದನ್ನು ಬಿಡಿಸಲು ಕೂಸಪ್ಪ ಹಾರೆ ಹಿಡಿದು ಬರೆಯ ಬುಡಕ್ಕೆ ಇಳಿದಿದ್ದ. ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದ ಹಾಗೆ ಒಂದು ಸದ್ದು. ಅಷ್ಟೇ. ಪ್ರೇಮಾವತಿ ಓಡಿ ಹೋಗುವಾಗ ಹೆಂಚುಗಳು ಇನ್ನೂ ಒಂದೊಂದೇ ಜಾರಿ ಬೀಳುತ್ತಿದ್ದವು. ಧೂಪದ ಮರ ಬೇರು ಸಮೇತ ಅಡುಗೆಕೋಣೆಯಲ್ಲಿ ನಿಂತಿತ್ತು. ಕೂಸಪ್ಪನ ತಲೆ, ಎದೆ, ಒಂದು ಕೈ ಮೇಲಿತ್ತು. ಉಳಿದದ್ದು ಗೋಡೆಯ ಕೆಳಗೆ.

ಜೆಸಿಬಿ ಆ ಏರಿಗೆ ಹತ್ತಲಿಲ್ಲ. ತೀರ್ಥರಾಮ, ರಬ್ಬರಿನ ಕೆಲಸದವರು, ಎಲ್ಲರೂ ಕೈಯಲ್ಲೇ ಮಣ್ಣು ತೆಗೆದರು. ಜತ್ತಪ್ಪನ ಉಗುರು ಕಿತ್ತು ಬಂದು ರಕ್ತ ಸುರಿಯುತ್ತಿತ್ತು, ಸಾಕು ಎಂದರೂ ಅವರು ನಿಲ್ಲಿಸಲಿಲ್ಲ. "ನಾನೇ ಹೇಳಿದ್ದು, ನಾನೇ ಹೇಳಿದ್ದು" ಎಂದು ಮಣ್ಣಿಗೇ ಹೇಳುವ ಹಾಗೆ ಹೇಳುತ್ತಿದ್ದರು.

ಸುಳ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಪ್ರೇಮಾವತಿಯನ್ನು ಹೊರಗೆ ಕರೆದು, ಸೊಂಟದಿಂದ ಕೆಳಗೆ ಏನೂ ಉಳಿದಿಲ್ಲ, ಮಂಗಳೂರಿಗೆ ಕೊಂಡುಹೋದರೂ ದಾರಿಯಲ್ಲಿ ಆಗುವುದು ಇಲ್ಲೇ ಆಗಲಿ ಎಂದರು. ಮರುದಿನ ಬೆಳಗಾಗುವಾಗ ಅವನು ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನ, ಸುರಕ್ಷಾ ಮದ್ದಿನ ಚೀಟಿ ಹಿಡಿದು ಕೆಳಗೆ ಹೋಗಿದ್ದಾಗ, ಅವನಿಗೆ ಒಳ್ಳೆಯ ಎಚ್ಚರವಿತ್ತು.

"ಮಹಜರಿಗೆ ಬರ್ತಾರಾ?" ಎಂದು ಕೇಳಿದ.

"ನಾಳೆ ಬರ್ತಾರಂತೆ. ನೀನು ಮಾತಾಡ್ಬೇಡ."

"ಹತ್ತಿರದ ಮನೆ ನಿಮ್ಮದು. ಮೊದಲು ನಿಮ್ಮನ್ನೇ ಕೇಳುದು. ಸೈನ್ ಹಾಕುದೂ ನೀವೇ."

"ಕೇಳ್ಲಿ."

"ನಾನೇ ಬರೆ ಕೆತ್ತಿ ಬೀಳಿಸಿದ್ದು ಅಂತ ಬರೆದ್ರೆ ಅರ್ಜಿ ಹೋಯ್ತು. ಸುರಕ್ಷಾಳಿಗೆ ಬೇರೆ ಕಡೆಯೂ ಜಾಗ ಕೊಡುದಿಲ್ಲ. ಮಳೆಗೆ ಜರಿದದ್ದು ಅಂತ ಹೇಳಿ."

"ಕೆತ್ತಿದ ಬರೆಯನ್ನು ಜತ್ತಪ್ಪಣ್ಣ ಕಂಡಿದ್ದಾರೆ. ತೀರ್ಥರಾಮ ಕಂಡಿದ್ದಾನೆ. ಆ ಹುಡುಗಿ ಕಂಡಿದ್ದಾಳೆ, ಗಾರ್ಡು ಕಂಡಿದ್ದಾರೆ."

"ಜತ್ತಪ್ಪಣ್ಣ ಬಾಯಿ ಬಿಡುದಿಲ್ಲ. ತೀರ್ಥರಾಮ ಅವರು ಹೇಳಿದ ಹಾಗೆ. ಆ ಹುಡುಗಿಯನ್ನೂ ಗಾರ್ಡನ್ನೂ ಯಾರೂ ಕೇಳುದಿಲ್ಲ." ಅವನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅವಳು ಚಮಚದಲ್ಲಿ ನೀರು ಬಿಟ್ಟಳು. ಅದು ಕೆನ್ನೆಯ ಮೇಲೆ ಇಳಿಯಿತು. "ನನಗೆ ಹೆದರಿಕೆ ನಿಮ್ಮದೇ. ಒಮ್ಮೆ ಕಂಡದ್ದು ನಿಮ್ಮ ತಲೆಯಿಂದ ಹೋಗುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳ್ತೀರಿ. ಇದೊಂದನ್ನು ಮರೆತುಬಿಡ್ತೀರಾ ಅತ್ತಿಗೆ?"